ಕಲ್ಲುಗಣಿಯ ಕಡೆಗೆ ಚಾಚಿದ ಕೈ

"ಇದನ್ನ ತಿರುಗಿಸಿದೋರು ಯಾರು?"

ಕೇಳಿದ್ದು ಯಾರನ್ನೂ ಅಲ್ಲ. ಬೆಳಗಿನ ಏಳೂವರೆಗೆ ಬ್ರೆನ್ಸಾರ್ ಊರಿನ ಚೌಕದಲ್ಲಿ ಇದ್ದದ್ದು ಒಂದು ಬೆಕ್ಕು, ವಾದ್ಯದವರಿಗೆಂದು ಸಾಲಾಗಿ ಹಾಕಿದ ಮಡಚುವ ಕುರ್ಚಿಗಳು, ಮತ್ತು ನಾಟಕದ ಪರದೆ ಹೊದ್ದು ನಿಂತ ಒಂದು ಕಂಚಿನ ಹುಡುಗಿ. ಇಸ್ತ್ರಿ ಮಾಡಿದ ಬಲಿಪೀಠದ ಹೊದಿಕೆಯನ್ನು ಎರಡೂ ತೋಳಿನ ಮೇಲೆ ಮಲಗಿಸಿಕೊಂಡು ಚರ್ಚಿನ ಬಾಗಿಲಿಗೆ ಹೊರಟಿದ್ದ ಇರ್ಮಾ ಅರ್ಧ ದಾರಿಯಲ್ಲೇ ನಿಂತುಬಿಟ್ಟಳು. ಪರದೆ ಊರಿನ ನಾಟಕ ಮಂಡಳಿಯದು, ಕೆಂಪು ಮಖಮಲ್ಲು, ಅಂಚು ನುಸಿ ತಿಂದದ್ದು. ಹುಡುಗಿಯ ತಲೆ, ಎದೆ, ಲಂಗ, ಮರದ ಪಾದರಕ್ಷೆ ಎಲ್ಲವನ್ನೂ ಮುಚ್ಚಿಕೊಂಡು ಬಂದು ಚಾಚಿದ ಬಲಗೈಯ ಹತ್ತಿರ ಅದು ಸಾಲದೆ ಹೋಗಿತ್ತು. ಹಾಗಾಗಿ ಆ ಕೈಗೆ ಯಾರೋ ಬೇಕರಿಯ ಕಾಗದದ ಚೀಲ ತೊಡಿಸಿ ಮಣಿಕಟ್ಟಿಗೆ ದಾರ ಸುತ್ತಿದ್ದರು. ಅನಾವರಣ ಅಂದರೆ ಅನಾವರಣ. ಮೇಯರು ಬಂದು ಎಳೆಯುವ ತನಕ ಒಂದು ಬೆರಳೂ ಕಾಣಕೂಡದು. ನಿನ್ನೆ ಮಧ್ಯಾಹ್ನದವರೆಗೆ ಆ ಬ್ರೆಡ್ಡಿನ ಚೀಲ ಬಲಕ್ಕೆ, ಓರ್ಮೋನ್ ಊರಿನ ರಸ್ತೆಯ ಕಡೆಗೆ ಚಾಚಿತ್ತು. ಇವತ್ತು ಎಡಕ್ಕೆ ಚಾಚಿದೆ. ಎಡಕ್ಕಿರುವುದು ಒಂದೇ ದಾರಿ. ಅದು ಕಲ್ಲುಗಣಿಗೆ ಹೋಗುತ್ತದೆ, ಅಲ್ಲಿಂದ ಮುಂದೆ ಎಲ್ಲಿಗೂ ಹೋಗುವುದಿಲ್ಲ.

ಆ ಕಂಚಿನ ಹುಡುಗಿ ಇರ್ಮಾಳೇ. ಹದಿನಾರು ವಯಸ್ಸಿನ ಇರ್ಮಾ. ಹೋದ ಚಳಿಗಾಲ ಪಟ್ಟಣದಿಂದ ಒಬ್ಬ ಶಿಲ್ಪಿ ಬಂದು, ಅರವತ್ತಾರರ ಇರ್ಮಾಳನ್ನು ಅಡುಗೆಮನೆ ಕಿಟಕಿಯ ಪಕ್ಕ ಕೂರಿಸಿ, ಅವಳ ಮುಖದಲ್ಲಿ ಆ ಹುಡುಗಿಯನ್ನು ಹುಡುಕಿದ್ದ. "ಆಗ್ಲೂ ಮೂಗು ಹೀಗೇ ಇತ್ತಾ ಮೇಡಂ?" "ಮೂಗು ಅದೇ. ಸುತ್ತ ಇರೋದು ಜರುಗಿದೆ." ಅವನು ನಕ್ಕಿದ್ದ, ಮೂರು ಬಟ್ಟಲು ಕಾಫಿ ಕುಡಿದಿದ್ದ, ಕೈಯನ್ನು ಮಾತ್ರ ಎತ್ತಿ ತೋರಿಸಿ ಅಂದಾಗ ಇವಳು ಒಲೆಯ ಮೇಲೆ ಏನೋ ಇದೆ ಎಂದು ಎದ್ದುಹೋಗಿದ್ದಳು. ಬೇಡ ಅನ್ನುವ ಮಾತು ಇರ್ಮಾಳ ಬಾಯಿಗೆ ಯಾವತ್ತೂ ಒಗ್ಗಿದ್ದಲ್ಲ. ಪದಕ ಕೊಟ್ಟಾಗ ಬೇಡ ಅನ್ನಲಿಲ್ಲ. ವರ್ಷವರ್ಷ ಮೊದಲ ಸಾಲಿನಲ್ಲಿ ಕೂರಿಸಿದಾಗ ಬೇಡ ಅನ್ನಲಿಲ್ಲ. ಪ್ರತಿಮೆ ಮಾಡಿಸುತ್ತೇವೆ ಎಂದಾಗ, ಎದ್ದುಹೋಗಲು ಒಲೆಯಾದರೂ ಇರಲಿಲ್ಲ, ಪುರಸಭೆಯ ಕಚೇರಿಯಲ್ಲಿ ಕೂತಿದ್ದಳು, ಸುಮ್ಮನೆ ಕೈಚೀಲದ ಕೊಂಡಿ ತೆಗೆದು ಹಾಕಿ ತೆಗೆದು ಹಾಕಿ ಮಾಡಿದಳು. ಸಂಕೋಚ ಎಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ಮೂರು ವಾರದ ಹಿಂದೆ ಕಂಚಿನ ಹುಡುಗಿಯನ್ನು ತಂದು ನಿಲ್ಲಿಸಿದಾಗ ಒಂದು ಸಂಗತಿ ನಡೆದಿತ್ತು, ಯಾರ ಗಮನಕ್ಕೂ ಬಾರದ್ದು. ಶಿಲ್ಪಿ ತನ್ನ ಬೆಳಕಿನ ಲೆಕ್ಕಾಚಾರದಲ್ಲಿ ಅವಳನ್ನು ನಿಲ್ಲಿಸಿದಾಗ ಕೈ ಓರ್ಮೋನ್ ರಸ್ತೆಗೆ ನೆಟ್ಟಿತ್ತು. ನೇರವಾಗಿ, ಒಂದು ಬೆರಳೂ ಅತ್ತಿತ್ತ ಇಲ್ಲದಂತೆ. ಅಂದಿನಿಂದ ಇರ್ಮಾ ದಿನಾ ಬೆಳಿಗ್ಗೆ ಚರ್ಚಿಗೆ ಏನಾದರೊಂದು ಬಟ್ಟೆ ತರತೊಡಗಿದಳು, ತೊಳೆದದ್ದನ್ನೇ ಮತ್ತೆ ತೊಳೆದು. ಐವತ್ತು ವರ್ಷವಾದ ಮೇಲಾದರೂ ಹುಡುಗಿ ಸರಿಯಾದ ದಾರಿ ತೋರಿಸಿದ್ದಳು. ಅವಳ ಮುಂದೆ ಹಾದುಹೋಗುವಾಗ ಇರ್ಮಾಳಿಗೆ ಬೆನ್ನು ನೆಟ್ಟಗಾಗುತ್ತಿತ್ತು.

"ಮಾಮ್ಜೆಲ್ ಇರ್ಮಾ! ಇಷ್ಟು ಬೇಗ!" ಮೇಯರ್ ಅರ್ಮಾಂ ಉಣ್ಣೆಯ ಅಂಗಿಯ ಮೇಲೆಯೇ ಅಧಿಕಾರದ ತ್ರಿವರ್ಣ ಪಟ್ಟಿ ಬಿಗಿದುಕೊಂಡು, ಕೈಯಲ್ಲಿ ಪೊರಕೆ ಹಿಡಿದು ಬರುತ್ತಿದ್ದ. ಮದುವೆಯಾಗದ ಇರ್ಮಾ ಊರಿಗೆ ಈಗಲೂ ಮಾಮ್ಜೆಲ್. "ಬಟ್ಟೆ ಯಾರಾದ್ರೂ ತರ್ತಿದ್ರು. ಇವತ್ತು ನೀವು ಮದುಮಗಳು, ಕೆಲಸ ಮಾಡಬಾರದು."

"ಅರ್ಮಾಂ, ಇದು ಆ ಕಡೆ ನೋಡ್ತಿತ್ತು."

"ನೋಡ್ತಿತ್ತು, ನೋಡ್ತಿತ್ತು. ನಿನ್ನೆ ಸಾಯಂಕಾಲ ಕ್ರೇನ್ ತರಿಸಿ ತಿರುಗಿಸಿಬಿಟ್ವಿ. ಹತ್ತು ನಿಮಿಷದ ಕೆಲಸ. ಆ ಶಿಲ್ಪಿ ಮಹಾಶಯ ಬೆಳಕು ಬೇಕು, ಬೆಳಕು ಬೇಕು ಅಂತಾನೆ. ಅವನಿಗೇನು, ಹೋಗೋನು. ನೀವೇ ಹೇಳಿ, ಓರ್ಮೋನ್ ಕಡೆ ಕೈ ತೋರಿಸಿದ್ರೆ ಏನಾಗುತ್ತೆ? ಬಸ್ಸಲ್ಲಿ ಬಂದೋರು ಪ್ರತಿಮೆ ನೋಡ್ತಾರೆ, ಕೈ ನೋಡ್ತಾರೆ, ಓ, ಅಲ್ಲೇನೋ ಇದೆ ಅಂತ ಸೀದಾ ಓರ್ಮೋನಿಗೆ ಹೋಗಿ ಅವರು ನಿಲ್ಲಿಸಿರೋ ಯುದ್ಧದ ಟ್ಯಾಂಕಿನ ಮುಂದೆ ಫೋಟೋ ತೆಗೆಸ್ಕೊಂಡು ಅಲ್ಲೇ ಊಟ ಮಾಡ್ತಾರೆ. ನಮ್ಮ ಹುಡುಗಿ ಅವರಿಗೆ ಗಿರಾಕಿ ಕಳಿಸೋದಾ?"

"ಓರ್ಮೋನಿಗೆ ಹೋಗೋ ದಾರಿ ಅದೇ ತಾನೇ."

"ಅದೇ ಅಂತ ಗೊತ್ತು ಕಣಮ್ಮಾ. ಆದ್ರೆ ನೀವು ಅವತ್ತು ತೋರಿಸಿದ್ದು ಗಣಿ ದಾರಿ ಅಲ್ವಾ?"

"ಹೌದು," ಎಂದಳು ಇರ್ಮಾ. "ನಾನು ತೋರಿಸಿದ್ದು ಗಣಿ ದಾರಿ."

"ಮತ್ತೆ! ಚರಿತ್ರೆ ಅಂದ್ಮೇಲೆ ಚರಿತ್ರೆ," ಎಂದು ಅರ್ಮಾಂ ಸಂತೋಷದಿಂದ ಬೆಕ್ಕನ್ನು ಪೊರಕೆಯಿಂದ ಅಟ್ಟಿದ. ಐವತ್ತು ವರ್ಷದಿಂದ ಹೇಳಬೇಕೆಂದಿದ್ದ ಮಾತನ್ನು ಹೇಳಿಯೇ ಬಿಟ್ಟೆನಲ್ಲ ಎಂದು ಇರ್ಮಾಳಿಗೆ ಕ್ಷಣಹೊತ್ತು ಎದೆ ಹಾರಿತು. ಆಮೇಲೆ, ಹೇಳಿದರೂ ಏನೂ ಆಗಲಿಲ್ಲವಲ್ಲ ಎಂದು ಹಾರಿದ್ದು ಮೆಲ್ಲಗೆ ಕೆಳಗಿಳಿಯಿತು. ಈ ಅರ್ಮಾಂಗೆ ಆಗ ಆರು ವರ್ಷ, ಮೂಗು ಸೋರಿಸಿಕೊಂಡು ಬಾತುಕೋಳಿಗಳ ಹಿಂದೆ ಓಡುತ್ತಿದ್ದ. ಅವನಿಗೂ ದಾರಿ ತೋರಿಸುವ ಪಾಠ ಆಗಿತ್ತು. ಊರಿನ ಯಾವ ಮಗುವಿಗೆ ಆಗಿರಲಿಲ್ಲ?

ಆ ಪಾಠ ಶುರುವಾದದ್ದು ಅವಳ ಅಪ್ಪನಿಂದ. ಅಪ್ಪ ಸರಕಾರಿ ರಸ್ತೆಯ ಕೆಲಸದವನು, ಗುಂಡಿ ಮುಚ್ಚುವವನು, ಚರಂಡಿ ಬಿಡಿಸುವವನು, ಕವಲುದಾರಿಯ ಕೈಕಂಬಕ್ಕೆ ವರ್ಷಕ್ಕೊಮ್ಮೆ ಬಣ್ಣ ಹೊಡೆಯುವವನು. ಜರ್ಮನರು ಬರುತ್ತಾರೆ ಎಂದು ಗೊತ್ತಾದ ಮೇ ತಿಂಗಳ ಬೆಳಿಗ್ಗೆ, ಯಾರೂ ಹೇಳದೆ ಕೇಳದೆ, ಅವನು ಸಲಿಕೆ ಹೊತ್ತು ಹೋಗಿ ಕಂಬ ಕಿತ್ತು, ಓರ್ಮೋನ್ ಎಂದು ಬರೆದ ಹಲಗೆ ಗಣಿಯ ಕಡೆ ಬರುವಂತೆ ತಿರುಗಿಸಿ ನೆಟ್ಟು, ಬುಡಕ್ಕೆ ಹಳೆಯ ಹುಲ್ಲಿನ ಹೆಂಟೆ ಇಟ್ಟು ಬಂದ. ಮೊದಲ ದಿನವೇ ಫಿರಂಗಿ ಎಳೆಯುವ ಇಪ್ಪತ್ತು ಕುದುರೆಗಳು ಗಣಿಯ ತನಕ ಹೋಗಿ, ಅಲ್ಲಿ ತಿರುಗಲಾಗದೆ, ಬಾಲದ ಕಡೆಯಿಂದ ವಾಪಸ್ಸು ಬಂದವು. ಊರೆಲ್ಲ ಪರದೆಯ ಹಿಂದೆ ನಿಂತು ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕಿತು. ಬ್ರೆನ್ಸಾರಿನ ಯುದ್ಧ ಅಂದರೆ ಅಷ್ಟೇ. ಸೇತುವೆ ಹಾರಿಸಲು ಸೇತುವೆ ಇರಲಿಲ್ಲ, ರೈಲು ಕೆಡವಲು ರೈಲು ಇರಲಿಲ್ಲ. ಇದ್ದದ್ದು ಒಂದು ಕಂಬ. ಆ ಕಂಬವನ್ನು ಜರ್ಮನರು ನಂಬದೆ ಜನರನ್ನು ಕೇಳತೊಡಗಿದಾಗ, ಜನರೂ ಕಂಬವಾದರು. ರಾತ್ರಿ ಊಟಕ್ಕೆ ಕೂತಾಗ ಅಪ್ಪ ಚಮಚ ಮೇಜಿಗೆ ಕುಟ್ಟಿ ಕೇಳುತ್ತಿದ್ದ: "ಓರ್ಮೋನ್ ಎಲ್ಲಿ?" ಇರ್ಮಾ ಬಾಯಲ್ಲಿ ಆಲೂಗಡ್ಡೆ ಇಟ್ಟುಕೊಂಡೇ ಎಡಗಡೆಗೆ ಕೈ ಚಾಚಬೇಕು. ತಡವಾದರೆ, "ಯೋಚನೆ ಮಾಡಬೇಡ ಮಗಳೇ. ಯೋಚನೆ ಮಾಡಿದ್ರೆ ಮುಖದಲ್ಲಿ ಗೊತ್ತಾಗುತ್ತೆ. ಯೂನಿಫಾರ್ಮ್ ಕಂಡ್ತಾ? ಕೈ ಎಡಕ್ಕೆ. ಮತ್ತೆ ಹೇಳು, ಓರ್ಮೋನ್ ಎಲ್ಲಿ?" ಊಟ ಆದಮೇಲೆ ಮಾತೆ ಮರಿಯಳ ಸ್ತುತಿಮಾಲೆ, ಅಪ್ಪ ಒಂದೊಂದು ಹೆಸರು ಹೇಳುವುದು, ಇವಳೂ ಅಮ್ಮನೂ ನಮಗಾಗಿ ಬೇಡಿಕೊ ಎನ್ನುವುದು, ಹೆಸರು, ಬೇಡಿಕೊ, ಹೆಸರು, ಬೇಡಿಕೊ. ಎರಡೂ ಪಾಠ ಒಂದೇ ಧಾಟಿಯಲ್ಲಿ ಮೈಗೆ ಇಳಿದವು. ಹಾಸಿಗೆಯಲ್ಲಿ ಕಣ್ಣು ಮುಚ್ಚಿದರೂ ತುಟಿ ಅದರಷ್ಟಕ್ಕೆ ಆಡುತ್ತಿತ್ತು, ಕೈ ಅದರಷ್ಟಕ್ಕೆ ಎಡಕ್ಕೆ ಏಳುತ್ತಿತ್ತು. ಸುಳ್ಳು ಹೇಳುವುದು ಪಾಪವಲ್ಲವೇ ಎಂದು ಧರ್ಮಪಾಠದ ತರಗತಿಯಲ್ಲಿ ಯಾರೋ ಕೇಳಿದ್ದಕ್ಕೆ ಪಾದ್ರಿಗಳು ಮೂಗಿಗೆ ನಶ್ಯ ಏರಿಸಿ ಬಹಳ ಹೊತ್ತು ಆಲೋಚಿಸಿ, "ಬಾಯಲ್ಲಿ ಹೇಳಿದ್ರೆ ಪಾಪ. ಕೈ ಎತ್ತೋದು ಮಾತಲ್ಲ. ಯಾರೂ ಬಾಯಿ ತೆಗೀಬೇಡಿ, ಬರೀ ಕೈ ತೋರಿಸಿ," ಎಂದಿದ್ದರು. ಹೀಗೆ ನಾಲ್ಕು ವರ್ಷ ಇಡೀ ಊರು ಒಂದೂ ಪಾಪ ಮಾಡದೆ ಸುಳ್ಳಾಡಿತು.

ಚರ್ಚಿನ ಒಳಗೆ ಬಲಿಪೀಠಕ್ಕೆ ಬಟ್ಟೆ ಹಾಸಿ, ಮಡಿಕೆಯ ಗೆರೆಯನ್ನು ಅಂಗೈಯಿಂದ ತೀಡುತ್ತ ನಿಂತಳು. ಗೆರೆ ಹೋಗಲಿಲ್ಲ. ಹೊರಗೆ ವಾದ್ಯದವರು ಬಂದಿದ್ದರು, ತುತ್ತೂರಿಯವನು ಉಗುಳು ಝಾಡಿಸಿ ಅಮೆರಿಕದ ರಾಷ್ಟ್ರಗೀತೆಯ ಎತ್ತರದ ಸ್ವರವನ್ನು ಮತ್ತೆ ಮತ್ತೆ ಹತ್ತಲು ನೋಡಿ ಜಾರಿ ಬೀಳುತ್ತಿದ್ದ. ಐವತ್ತು ವರ್ಷದ ಹಿಂದಿನ ಆ ಬೆಳಿಗ್ಗೆಯೂ ಬಟ್ಟೆಯೇ ಇತ್ತು ಕೈಯಲ್ಲಿ. ಸೆಪ್ಟೆಂಬರು, ಕವಲುದಾರಿಯ ಪಕ್ಕದ ಬೇಲಿಯ ಮೇಲೆ ದುಪ್ಪಟಿ ಒಣಹಾಕುತ್ತಿದ್ದಳು. ಜರ್ಮನರು ಎರಡು ದಿನದ ಹಿಂದೆಯೇ ಹೋಗಿದ್ದರು. ಯಾರೂ ಅಟ್ಟಿದ್ದಲ್ಲ, ಸೈಕಲ್ಲು ಕೋಳಿ ಎಲ್ಲ ಹೊತ್ತುಕೊಂಡು ತಾವಾಗಿಯೇ ಹೋದದ್ದು. ಅಮೆರಿಕದವರು ಓರ್ಮೋನಿಗೆ ಬಂದಿದ್ದಾರಂತೆ, ಚಾಕಲೇಟು ಎಸೆಯುತ್ತಿದ್ದಾರಂತೆ, ಹುಡುಗಿಯರು ಟ್ಯಾಂಕು ಹತ್ತಿದ್ದಾರಂತೆ. ಬ್ರೆನ್ಸಾರಿಗೆ ಮಾತ್ರ ಯಾರೂ ಬಂದಿರಲಿಲ್ಲ. ಹಾಸಿಗೆ ಬಟ್ಟೆ ಹರಿದು ಹೊಲಿದ ಬಾವುಟಗಳು ಕಿಟಕಿಗಳಲ್ಲಿ ಎರಡು ದಿನದಿಂದ ನೇತಾಡುತ್ತಿದ್ದವು, ಒಂದು ಮಳೆಯಲ್ಲಿ ನೆನೆದು ಕೆಂಪು ಬಿಳಿಗೆ ಇಳಿದಿತ್ತು. ಹಿಂದಿನ ರಾತ್ರಿ ಅಪ್ಪ ಸೂಪು ಕುಡಿಯುತ್ತ, "ಗಣೀಲಿ ಹೊಗೆ ಕಂಡ್ತು. ಹಿಂದೆ ಬಿದ್ದೋರು ಯಾರೋ ಇನ್ನೂ ಇದಾರೆ," ಎಂದಿದ್ದ. ಇರ್ಮಾ ಕೇಳಿದ್ದಳು. ಅದನ್ನು ಕೇಳಿದ್ದಳು ಅನ್ನುವುದೇ ಆಮೇಲೆ ಐವತ್ತು ವರ್ಷ ಹಲ್ಲಿನ ಸಂದಿಯ ಮೂಳೆಚೂರಿನ ಹಾಗೆ ಉಳಿದದ್ದು. ಜೀಪು ಬಂದು ನಿಂತಿತು. ಮೂವರು. ಮುಂದೆ ಕೂತವನ ಕಿವಿ ಎಷ್ಟು ಕೆಂಪಗಿದ್ದವೆಂದರೆ ಬೆಳಕು ಅವುಗಳಲ್ಲಿ ತೂರಿ ಬರುತ್ತಿತ್ತು. ಅವನು ಕೈಕಂಬ ನೋಡಿದ, ತೊಡೆಯ ಮೇಲಿನ ನಕ್ಷೆ ನೋಡಿದ, ಮತ್ತೆ ಕಂಬ ನೋಡಿದ. ಎರಡಕ್ಕೂ ಹೊಂದಲಿಲ್ಲ. ಆಮೇಲೆ ಇರ್ಮಾಳನ್ನು ನೋಡಿ, ದಾರಿ ತಪ್ಪಿದವರು ನಗುವ ಹಾಗೆ ನಕ್ಕು, "ಓರ್ಮೋನ್?" ಎಂದ. ಅವಳು ನೋಡಿದ್ದು ಯೂನಿಫಾರ್ಮು. ಕೇಳಿದ್ದು ಓರ್ಮೋನ್. ಒದ್ದೆ ದುಪ್ಪಟಿ ಬಿಟ್ಟು ಕೈ ಎದ್ದಿತು. ಎಡಕ್ಕೆ. ನಕ್ಷೆಯವನಿಗೆ ಇನ್ನು ಅನುಮಾನ ಉಳಿಯಲಿಲ್ಲ, ಕಂಬವೂ ಅದನ್ನೇ ಹೇಳುತ್ತಿತ್ತು, ಹುಡುಗಿಯೂ ಅದನ್ನೇ. ಅವನು ಹಣೆಗೆ ಎರಡು ಬೆರಳು ಮುಟ್ಟಿಸಿ ವಂದಿಸಿದ. ಜೀಪು ತಿರುಗಿತು. ತಿರುಗುವಾಗ ಅದರ ಪಕ್ಕೆಯ ಮೇಲಿನ ಬಿಳಿ ನಕ್ಷತ್ರ ಕಂಡಿತು. ಆಗ ಕೂಗಬಹುದಿತ್ತು. ದುಪ್ಪಟಿ ಬೀಸಿಕೊಂಡು ಹಿಂದೆ ಓಡಬಹುದಿತ್ತು. ಅವಳು ಕೈ ಬೀಸಿದಳು. ಹೋಗಿ ಬನ್ನಿ ಎಂದು ಬೀಸಿದಳು, ಯಾಕೆಂದರೆ ಚಾಚಿದ ಕೈಯನ್ನು ಸುಮ್ಮನೆ ಇಳಿಸುವುದು ಹೇಗೆಂದು ಗೊತ್ತಾಗಲಿಲ್ಲ.

ಕಾಲುಗಂಟೆಗೆ ಗಣಿಯ ಕಡೆಯಿಂದ ಗುಂಡಿನ ಸದ್ದು ಬಂತು. ಊರಿಗೆ ಊರೇ ಬೀದಿಗೆ ಓಡಿ ಬಂತು. "ಬಂದ್ರು! ಬಂದ್ರು! ನಮಗೂ ಬಂದ್ರು!" ಯಾರೋ ಚರ್ಚಿನ ಗಂಟೆಯ ಹಗ್ಗಕ್ಕೆ ನೇತುಬಿದ್ದರು, ಬೇಕರಿಯವಳು ಅಂಚೆಯವನನ್ನು ತಬ್ಬಿಕೊಂಡು ಸುತ್ತಿದಳು, ನೆಲದಲ್ಲಿ ಹೂತಿಟ್ಟಿದ್ದ ಮದ್ಯದ ಬಾಟಲಿ ಹೊರಬಂದವು, ಅಕಾರ್ಡಿಯನ್ ಹೊರಬಂತು. ಮೂವರು ಸಾಯುವಷ್ಟು ಹೊತ್ತು ಬ್ರೆನ್ಸಾರ್ ಕುಣಿಯಿತು. ಸಂಜೆಯ ಹೊತ್ತಿಗೆ ವಿಷಯ ತಿಳಿದು ಅಕಾರ್ಡಿಯನ್ ಪೆಟ್ಟಿಗೆಗೆ ಹೋಯಿತು. ಅಪ್ಪ ಮನೆಗೆ ಬಂದ, ಇರ್ಮಾಳ ಮುಖ ನೋಡಿದ, ಬಲಗೈ ನೋಡಿದ. "ಕೈ ತೊಳ್ಕೋ," ಎಂದ. ಸಲಿಕೆ ಎತ್ತಿಕೊಂಡು ಕವಲುದಾರಿಗೆ ಹೋದ. ಆಮೇಲೆ ಹನ್ನೊಂದು ವರ್ಷ ಬದುಕಿದ್ದ. ಆ ಬಗ್ಗೆ ಅವನು ಆಡಿದ್ದು ಆ ಒಂದೇ ಮಾತು. ಪಾಪನಿವೇದನೆಗೆ ಹೋದರೆ ಪಾದ್ರಿಗಳು ಜಾಲರಿಯ ಆಚೆ ಕೆಮ್ಮಿ, "ಅದು ಪಾಪ ಅಲ್ಲ ಮಗಳೇ, ನಾನೇ ಹೇಳಿದ್ದಲ್ವಾ?" ಎಂದರು. ಪ್ರಾಯಶ್ಚಿತ್ತ ಕೊಡಲಿಲ್ಲ, ಒಂದು ಜಪ ಕೂಡ ಕೊಡಲಿಲ್ಲ. ಪಾಪವಾದರೆ ಕ್ಷಮೆಯಾದರೂ ಸಿಗುತ್ತಿತ್ತು.

ಊರಿಗೆ ಈಗ ಒಂದು ತೊಡಕು ಬಂತು. ತಮ್ಮನ್ನು ಬಿಡುಗಡೆ ಮಾಡಿದವರು ದಾರಿ ತಪ್ಪಿ ಬಂದ ಮೂವರು ಎಂದರೆ ಓರ್ಮೋನಿನವರು ನಗುತ್ತಾರೆ. ದಾರಿ ತಪ್ಪಿಸಿದ್ದು ತಾವೇ ಎಂದರೆ ನಗುವುದೂ ಇಲ್ಲ. ಕೈಕಂಬ ಅಷ್ಟು ಹೊತ್ತಿಗೆ ನೆಟ್ಟಗೆ ನಿಂತಿತ್ತು, ಅದನ್ನು ಯಾರು ಯಾವಾಗ ತಿರುಗಿಸಿದರೆಂದು ಯಾರೂ ಯಾರನ್ನೂ ಕೇಳಲಿಲ್ಲ. ಶಾಲೆಯ ಮೇಷ್ಟರು ಆ ಚಳಿಗಾಲವೆಲ್ಲ ಕೂತು ಇಪ್ಪತ್ತನಾಲ್ಕು ಪದ್ಯದ ಒಂದು ಕಾವ್ಯ ಕಟ್ಟಿದರು, ಗಣಿಯ ಕದನ ಎಂದು. ಅದರಲ್ಲಿ ಮೂವರು ಮುನ್ನೂರರಂತೆ ಕಾದುತ್ತಾರೆ. ಒಂಬತ್ತನೆಯ ಪದ್ಯದಲ್ಲಿ ಇರ್ಮಾ ಬರುತ್ತಾಳೆ:

ಬೆರಳೆತ್ತಿ ತೋರಿದಳು ಬಾಲೆ
ಹಗೆಯಡಗಿದಾ ಗಣಿಯ ಮೂಲೆ

ಪ್ರತಿ ಸೆಪ್ಟೆಂಬರಿನಲ್ಲಿ, ಸತ್ತ ಮೂವರ ನೆನಪಿನ ಒಂದು ಪುಟ್ಟ ಕಲ್ಲಿನ ಮುಂದೆ, ಯಾವುದಾದರೊಂದು ಮಗು ನಿಂತು ಇದನ್ನು ಉಸಿರು ಬಿಡದೆ ಒಪ್ಪಿಸುತ್ತದೆ. ಇರ್ಮಾ ನಲವತ್ತೊಂಬತ್ತು ಸಲ ಕೇಳಿದ್ದಾಳೆ. ಎಲ್ಲಿ ಮಗು ತಡವರಿಸುತ್ತದೆ, ಎಲ್ಲಿ ತಾಯಿ ತುಟಿಯಾಡಿಸುತ್ತಾಳೆ, ಎಲ್ಲಿ ಜನ ತನ್ನ ಕಡೆ ತಿರುಗುತ್ತಾರೆ, ಎಲ್ಲ ಬಾಯಿಪಾಠ. ಬೇಡವೆಂದರೂ ಇಸ್ತ್ರಿ ಪೆಟ್ಟಿಗೆ ಅದರ ಧಾಟಿಗೇ ಓಡುತ್ತದೆ. ಕೆಲವು ಸಲ, ನಿದ್ದೆಗೆ ಜಾರುವ ಗಳಿಗೆಯಲ್ಲಿ, ಅದೇ ನಿಜವಿರಬಹುದು ಎನ್ನಿಸುತ್ತದೆ. ಗಣಿಯಲ್ಲಿ ಹಗೆ ಇತ್ತು. ಅವಳಿಗೆ ಗೊತ್ತಿತ್ತು. ಬೆರಳೆತ್ತಿ ತೋರಿದ್ದಳು. ಪದ್ಯದಲ್ಲಿ ಒಂದು ಅಕ್ಷರ ಸುಳ್ಳಿಲ್ಲ. ಅವಳು ಮಾಡಿದ್ದಿಷ್ಟು: ಅಂದಿನಿಂದ ಯಾರಿಗೂ ದಾರಿ ತೋರಿಸಲಿಲ್ಲ. ಬೇಸಿಗೆಯಲ್ಲಿ ಬೆನ್ನಿಗೆ ಚೀಲ ಹೊತ್ತು ಬರುವ ಪ್ರವಾಸಿಗರು ಬೇಲಿಯ ಹತ್ತಿರ ನಿಂತು ಕೇಳಿದರೆ, "ನಾನು ಈ ಊರಿನವಳಲ್ಲ," ಅನ್ನುತ್ತಾಳೆ. ಹುಟ್ಟಿದ ಮನೆಯ ಅಂಗಳದಲ್ಲಿ ನಿಂತು, ಮನೆಯ ಬೀಗದಕೈ ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡು. ಒಮ್ಮೆ ಅರ್ಮಾಂ ಕೇಳಿಸಿಕೊಂಡು ಬಿದ್ದು ಬಿದ್ದು ನಕ್ಕಿದ್ದ. "ಮಾಮ್ಜೆಲ್ ಇರ್ಮಾ ತಮಾಷೆ ನೋಡ್ರೋ! ಲೋಕಕ್ಕೆ ದಾರಿ ತೋರಿಸ್ದೋಳು!"

ಹನ್ನೊಂದಕ್ಕೆ ಚೌಕ ತುಂಬಿತು. ಓರ್ಮೋನಿನ ಮೇಯರೂ ಬಂದಿದ್ದ, ಪ್ರತಿಮೆಯ ಎತ್ತರವನ್ನು ಕಣ್ಣಲ್ಲೇ ಅಳೆದು, "ಚೆನ್ನಾಗಿದೆ, ಪುಟ್ಟದಾಗಿ ಚೆನ್ನಾಗಿದೆ," ಎಂದ. "ಟ್ಯಾಂಕ್ ಎಲ್ಲಿ ಬೇಕಾದ್ರೂ ಸಿಗುತ್ತೆ, ಇಂಥಾ ಹುಡುಗಿ ಸಿಗಬೇಕಲ್ಲ," ಎಂದು ಅರ್ಮಾಂ ತಿರುಗಿಸಿ ಕೊಟ್ಟ. ತುತ್ತೂರಿಯವನು ಎತ್ತರದ ಸ್ವರದಿಂದ ಜಾರಿಬಿದ್ದ. ಪರದೆ ಎಳೆದಾಗ ಅದು ಕಂಚಿನ ಮೂಗಿಗೆ ಸಿಕ್ಕಿ ಚರ್ರನೆ ಹರಿಯಿತು. ಬ್ರೆಡ್ಡಿನ ಚೀಲದ ದಾರ ಬಿಚ್ಚಲಾಗದೆ ಅರ್ಮಾಂ ಚೀಲವನ್ನೇ ಹರಿದ. ಒಂದೊಂದೇ ಬೆರಳು ಹೊರಬಂತು. ಇರ್ಮಾಳ ಪಕ್ಕದ ಕುರ್ಚಿಯಲ್ಲಿ ಅಮೆರಿಕದಿಂದ ಬಂದ ವರ್ನಾ ಕೂತಿದ್ದಳು. ಅಂದು ಜೀಪಿನಲ್ಲಿದ್ದ ಕೆಂಪು ಕಿವಿಯ ಆರ್ವಿಡ್‌ನ ತಂಗಿ. ಎಪ್ಪತ್ತರ ಹತ್ತಿರದ ಹೆಂಗಸು, ದೊಡ್ಡ ಬಿಳಿಯ ಬೂಟು, ತೊಡೆಯ ಮೇಲೆ ಕ್ಯಾಮೆರಾ. ಭಾಷಣ ಮುಗಿಯುವ ತನಕ ಅವಳು ಇರ್ಮಾಳ ಬಲಗೈಯನ್ನು ತನ್ನ ಎರಡು ಕೈಗಳ ನಡುವೆ ಇಟ್ಟುಕೊಂಡಿದ್ದಳು, ಹಕ್ಕಿಮರಿ ಹಿಡಿದ ಹಾಗೆ. ಅವಳ ಕಿವಿಯೂ ಕೆಂಪು. ಅದನ್ನು ನೋಡಬಾರದೆಂದು ಇರ್ಮಾ ಅವಳ ಬೂಟನ್ನೇ ನೋಡುತ್ತ ಕೂತಳು.

ಆಮೇಲೆ ಪ್ರತಿಮೆಯ ಬುಡದಲ್ಲಿ ಇಬ್ಬರನ್ನೂ ಎದುರುಬದುರು ನಿಲ್ಲಿಸಿದರು. ನಡುವೆ ಕಾರಿನ್, ಅರ್ಮಾಂನ ಸೊಸೆ, ಪಟ್ಟಣದ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು. ವರ್ನಾ ಚೀಲದಿಂದ ಒಂದು ಫೋಟೋ ತೆಗೆದಳು, ಟ್ರ್ಯಾಕ್ಟರಿನ ಮೇಲೆ ಕೂತ ಹುಡುಗ, ಅದೇ ಕಿವಿ, ಅದೇ ನಗು. ಏನೋ ಹೇಳಿ ತಾನೇ ನಕ್ಕಳು.

"ಅವರಣ್ಣನಿಗೆ ದಿಕ್ಕು ಅನ್ನೋದೇ ಗೊತ್ತಾಗ್ತಿರಲಿಲ್ವಂತೆ," ಎಂದಳು ಕಾರಿನ್. "ತಮ್ಮ ಹೊಲದಲ್ಲೇ ದಾರಿ ತಪ್ಪಿಸ್ಕೋತಿದ್ನಂತೆ. ಕೊಟ್ಟಿಗೆಗೆ ಹೋಗು ಅಂದ್ರೆ ಪಕ್ಕದೋರ ಕೊಟ್ಟಿಗೇಲಿ ಹಾಲು ಕರೆದು ಬರ್ತಿದ್ನಂತೆ. ಯುದ್ಧಕ್ಕೆ ಹೋದಾಗ ಅವರಮ್ಮನಿಗೆ ಗುಂಡಿನ ಭಯಕ್ಕಿಂತ ಅದೇ ಭಯ. ಎಲ್ಲೋ ಗೊತ್ತಿಲ್ಲದ ಊರಲ್ಲಿ ಒಬ್ಬನೇ ದಾರಿ ಸಿಗದೆ ನಿಂತಿರ್ತಾನೇನೋ ಅಂತ. ಸಾಯೋವರೆಗೂ ಅದನ್ನೇ ಅಂತಿದ್ರಂತೆ." ಕಾರಿನ್ ಕಣ್ಣು ಒರೆಸಿಕೊಂಡಳು. "ಅದಕ್ಕೇ ನಿಮಗೆ ಥ್ಯಾಂಕ್ಸ್ ಹೇಳೋಕೆ ಬಂದೆ ಅಂತಾರೆ. ಕೊನೇ ಹೊತ್ತಲ್ಲಿ ಅವನಿಗೆ ಒಬ್ಬರು ಸರಿಯಾಗಿ ದಾರಿ ತೋರಿಸಿದ್ರಲ್ಲ ಅಂತ."

ಇರ್ಮಾಳಿಗೆ ಚೌಕದ ಗದ್ದಲ ದೂರ ಸರಿಯಿತು. ಒದ್ದೆ ದುಪ್ಪಟಿಯ ವಾಸನೆ ಬಂತು. ಬೆಳಿಗ್ಗೆ ಅರ್ಮಾಂಗೆ ಹೇಳಿದ ಹಾಗೆ, ಕೇಳಿದವರಿಗೆ ಬೇಕಾದಂತೆ ಕೇಳಿಸುವ ಹಾಗೆ, ಈಗ ಹೇಳಕೂಡದು. ಒಂದೊಂದೇ ಮಾತನ್ನು, ಮಗುವಿಗೆ ಧರ್ಮಪಾಠ ಹೇಳಿಕೊಡುವ ಹಾಗೆ, ಬಿಡಿಸಿ ಇಟ್ಟಳು. "ಅವರಿಗೆ ಹೇಳು. ನಾನು ತಪ್ಪು ದಾರಿ ತೋರಿಸಿದೆ. ಅವರು ಕೇಳಿದ್ದು ಓರ್ಮೋನ್. ಗಣಿ ಅಲ್ಲ."

ಕಾರಿನ್ ಅವಳನ್ನು ನೋಡಿದಳು. ಅತ್ತ ಮಾವನನ್ನು ನೋಡಿದಳು; ಅವನು ಓರ್ಮೋನಿನ ಮೇಯರನಿಗೆ ಕಂಚು ಎಷ್ಟು ದಪ್ಪ ಎಂದು ಬೆರಳಲ್ಲಿ ತೋರಿಸುತ್ತಿದ್ದ. ಕಾರಿನ್ ಉಸಿರೆಳೆದುಕೊಂಡು ಇಂಗ್ಲಿಷಿನಲ್ಲಿ ಶುರುಮಾಡಿದಳು. ಇರ್ಮಾಳಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ತಾನು ಇಟ್ಟ ಮಾತು ಎಷ್ಟು ಚಿಕ್ಕದಿತ್ತೆಂದು ಗೊತ್ತಿತ್ತು. ಇದು ಮುಗಿಯಲೇ ಇಲ್ಲ. ಹತ್ತುತ್ತ, ಇಳಿಯುತ್ತ, ನಡುವೆ ಒಮ್ಮೆ ಕೈಯನ್ನು ಎದೆಗಿಟ್ಟುಕೊಳ್ಳುತ್ತ, ಇಪ್ಪತ್ತನಾಲ್ಕೂ ಪದ್ಯದ ಧಾಟಿಯಲ್ಲಿ ಹರಿಯಿತು. ವರ್ನಾಳ ಮುಖ ಅರಳಿತು. ಅವಳು ಮುಂದೆ ಬಾಗಿ ಇರ್ಮಾಳನ್ನು ತಬ್ಬಿಕೊಂಡಳು, ಕೆಂಪು ಕಿವಿ ಇರ್ಮಾಳ ಕೆನ್ನೆಗೆ ತಾಗಿತು, ಬೆಚ್ಚಗಿತ್ತು. ಜನ ಚಪ್ಪಾಳೆ ತಟ್ಟಿದರು.

"ಏನು ಹೇಳಿದೆ ನೀನು?" ತಬ್ಬಿದವಳ ಭುಜದ ಮೇಲಿಂದ ಇರ್ಮಾ ಕೇಳಿದಳು.

"ನೀವು ಹೇಳಿದ್ದೇ ಮಾಮ್ಜೆಲ್. ಸ್ವಲ್ಪ ಮೆತ್ತಗೆ."

"ಮೆತ್ತಗೆ ಅಂದ್ರೆ?"

"ಅವತ್ತು ಎಲ್ಲ ದಾರೀನೂ ಅಪಾಯದ್ದೇ ಆಗಿತ್ತು, ನಿಮಗೆ ಇವತ್ತಿಗೂ ಸಂಕಟ ಆಗುತ್ತೆ ಅಂತ." ಕಾರಿನ್ ದನಿ ತಗ್ಗಿಸಿದಳು. "ಅಷ್ಟು ದೂರದಿಂದ ಬಂದಿದಾರೆ. ಅವರಿಗೆ ಬೇರೆ ಏನೂ ಉಳಿದಿಲ್ಲ. ಅದನ್ನೂ ಕಿತ್ಕೋಬೇಕಾ? ಯಾರಿಗೋಸ್ಕರ ಹೇಳಿ. ಅವರಿಗೋಸ್ಕರಾನಾ, ನಿಮಗೋಸ್ಕರಾನಾ?"

ಅದು ಜಾಲರಿಯ ಆಚೆಯಿಂದ ಪಾದ್ರಿಗಳು ಕೇಳಬೇಕಿದ್ದ ಪ್ರಶ್ನೆ. ಐವತ್ತು ವರ್ಷ ತಡವಾಗಿ, ಉಗುರಿಗೆ ಬಣ್ಣ ಹಚ್ಚಿಕೊಂಡ ಹುಡುಗಿಯ ಬಾಯಲ್ಲಿ ಬಂದಿತ್ತು. ತನಗೋಸ್ಕರವೇ ಇರಬಹುದು. ಹಾಗಿದ್ದರೆ ಹೇಳದೆ ಇದ್ದದ್ದು ಯಾರಿಗೋಸ್ಕರ? ಭಾಷೆ ಗೊತ್ತಿಲ್ಲದವಳಿಗೆ ನಿಜವನ್ನು ಹೇಳಲು ಇನ್ನೊಂದೇ ಉಪಾಯವಿತ್ತು: ಕೈ ಎತ್ತಿ ಓರ್ಮೋನ್ ರಸ್ತೆಯನ್ನು ತೋರಿಸುವುದು, ಆಮೇಲೆ ಗಣಿಯನ್ನು ತೋರಿಸಿ ತಲೆಯಾಡಿಸುವುದು. ಆದರೆ ಎತ್ತಿದ ಕೈಯನ್ನು ಈ ಊರಿನಲ್ಲಿ ಯಾರು ಏನೆಂದು ಓದುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಆ ಕೈಗೆ ಈಗಾಗಲೇ ಒಂದು ಪದ್ಯ ಇತ್ತು, ಒಂದು ಪದಕ ಇತ್ತು, ಇವತ್ತಿನಿಂದ ಒಂದು ಕಂಚು.

ವರ್ನಾ ಹಿಂದೆ ಸರಿದು, ಕ್ಯಾಮೆರಾ ಎತ್ತಿಕೊಂಡು ಏನೋ ಕೇಳಿದಳು. ಕೇಳುವಾಗ ಕುತ್ತಿಗೆ ಒಂದು ಪಕ್ಕಕ್ಕೆ ವಾಲಿತ್ತು, ಅಂದು ಜೀಪಿನಲ್ಲಿ ಅವಳ ಅಣ್ಣನದು ವಾಲಿದ್ದ ಹಾಗೆಯೇ.

"ಒಂದು ಫೋಟೋ ಅಂತೆ," ಎಂದಳು ಕಾರಿನ್. ಅವಳಿಗೆ ಜೀವ ಬಂದಿತ್ತು. "ನೀವು ಪ್ರತಿಮೆ ಪಕ್ಕ ನಿಂತು, ಅವತ್ತಿನ ಹಾಗೇ ಕೈ ಎತ್ತಿ ತೋರಿಸಬೇಕಂತೆ. ಮನೇಲಿ ಅಣ್ಣನ ಫೋಟೋ ಪಕ್ಕ ಇಡ್ತಾರಂತೆ."

"ಆಹಾ!" ಎಂದ ಅರ್ಮಾಂ, ಓರ್ಮೋನಿನ ಮೇಯರನನ್ನು ಅರ್ಧಕ್ಕೆ ಬಿಟ್ಟು ಓಡಿ ಬಂದ. "ಎಂಥಾ ಐಡಿಯಾ! ಬನ್ನಿ ಮಾಮ್ಜೆಲ್, ಇಲ್ಲಿ, ಇಲ್ಲಿ ನಿಂತ್ಕೊಳ್ಳಿ. ಏ, ಆ ಕುರ್ಚಿ ತೆಗೀರೋ, ಅಡ್ಡ ಬರುತ್ತೆ." ಅವನು ಅವಳ ಭುಜ ಹಿಡಿದು ತಿರುಗಿಸಿದ, ನಿನ್ನೆ ಕ್ರೇನಿನಿಂದ ಆ ಇನ್ನೊಬ್ಬಳನ್ನು ತಿರುಗಿಸಿದ ಹಾಗೆ, ಎಡಕ್ಕೆ. ಹತ್ತು ನಿಮಿಷವೂ ಬೇಕಾಗಲಿಲ್ಲ. ಹಿಂದಿನಿಂದ ಯಾರೋ ಕೂಗಿದರು, "ಎತ್ತಿ ಮಾಮ್ಜೆಲ್! ಅವಳಿಗಿಂತ ಎತ್ತರಕ್ಕೆ ಎತ್ತಿ!" ಜನ ನಕ್ಕರು. ಬೇಕರಿಯವಳ ಮಗಳು, "ಬೆರಳೆತ್ತಿ ತೋರಿದಳು ಬಾಲೆ," ಎಂದು ರಾಗ ತೆಗೆದಳು, ಇನ್ನಿಬ್ಬರು ಸೇರಿಕೊಂಡರು, ಆಮೇಲೆ ಚೌಕವೇ ಸೇರಿಕೊಂಡಿತು. ಎಲ್ಲರಿಗೂ ಬಾಯಿಪಾಠವಿತ್ತು. ಹಗೆಯಡಗಿದಾ ಗಣಿಯ ಮೂಲೆ, ಹಗೆಯಡಗಿದಾ ಗಣಿಯ ಮೂಲೆ. ಇರ್ಮಾಳಿಗೆ ಭುಜದ ಕೀಲಿನಲ್ಲಿ ಹಳೆಯ ಸೆಳೆತ ಎದ್ದಿತು. ಮೇಜಿಗೆ ಚಮಚ ಕುಟ್ಟಿದ ಸದ್ದು. ಯೋಚನೆ ಮಾಡಬೇಡ ಮಗಳೇ. ಮೊಣಕೈ ಆಗಲೇ ಪಕ್ಕೆಯಿಂದ ಬಿಟ್ಟುಕೊಂಡಿತ್ತು, ಅಂಗೈ ಆಗಲೇ ಕೆಳಮುಖವಾಗಿ ತೆರೆಯುತ್ತಿತ್ತು, ಅವಳನ್ನು ಕೇಳದೆ, ಯಾವತ್ತೂ ಕೇಳದ ಹಾಗೆ.

ಎಡಗೈಯಿಂದ ಅವಳು ಆ ಕೈಯನ್ನು ಹಿಡಿದುಕೊಂಡಳು. ಮಣಿಕಟ್ಟಿನಲ್ಲಿ, ಬಿಗಿಯಾಗಿ. ಕೆಳಗೆ ಎಳೆದು ಹೊಟ್ಟೆಗೆ ಒತ್ತಿ ಹಿಡಿದಳು.

"ಎತ್ತಲ್ಲ," ಎಂದಳು.

ಹಾಡು ಎರಡು ಸಾಲು ಮುಂದೆ ಓಡಿ, ಒಬ್ಬೊಬ್ಬರ ಬಾಯಲ್ಲಿ ನಿಂತಿತು. "ಭುಜ ನೋವಾ ಮಾಮ್ಜೆಲ್?" ಎಂದ ಅರ್ಮಾಂ. "ಸ್ವಲ್ಪ ಎತ್ತಿದ್ರೆ ಸಾಕು, ನಾನು ಹಿಂದಿನಿಂದ ಹಿಡ್ಕೋತೀನಿ." ಕಾರಿನ್ ಆಗಲೇ ಅತಿಥಿಯ ಕಡೆ ತಿರುಗಿ, ತನ್ನ ಭುಜ ಮುಟ್ಟಿ ತೋರಿಸುತ್ತ, ಮೆತ್ತಗಿನ ಇಂಗ್ಲಿಷಿನಲ್ಲಿ ಶುರುಮಾಡಿದ್ದಳು.

ಇರ್ಮಾ ಕಾರಿನ್‌ಳ ತೋಳಿಗೆ ತನ್ನ ಭುಜ ತಾಗಿಸಿ ಅವಳನ್ನು ಪಕ್ಕಕ್ಕೆ ಸರಿಸಿದಳು. ವರ್ನಾಳ ಎದುರು ನಿಂತಳು. ಕಿವಿ ನೋಡಿದಳು, ಕಣ್ಣು ನೋಡಿದಳು. ಕ್ಯಾಮೆರಾ ಇಬ್ಬರ ನಡುವೆ ಇನ್ನೂ ಎತ್ತಿಯೇ ಇತ್ತು. ಇರ್ಮಾ ತಲೆಯನ್ನು ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ ಆಡಿಸಿದಳು, ನಿಧಾನವಾಗಿ, ಯಾವ ದೇಶದವರಿಗೂ ಬೇರೆ ಅರ್ಥ ಆಗದ ಹಾಗೆ.

"ನೋವಿಲ್ಲ," ಎಂದಳು. "ಈ ಕೈ ಎತ್ತಲ್ಲ ನಾನು."